ಪುರವರದ ಇಕ್ಕಟ್ಟಿನ ಹೊಂಚುಪಡೆ

ನವಿಲು ಕೂಗಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಮಧುಗಿರಿಯಲ್ಲಿ ಇದ್ದುಕೊಂಡು ನವಿಲಿನ ಮೇಲೆ ಸಿಟ್ಟು ಮಾಡಿಕೊಂಡರೆ ಬದುಕಲು ಆಗುತ್ತದೆಯೇ? ಬೆಟ್ಟದ ಬುಡದಲ್ಲಿ ಕೂಗುತ್ತವೆ, ಹೊಲದ ಬದುವಿನಲ್ಲಿ ಕೂಗುತ್ತವೆ, ಒಮ್ಮೊಮ್ಮೆ ನಮ್ಮ ಹಿತ್ತಲ ಗೋಡೆಯ ಮೇಲೇ ಬಂದು ಕೂತು ಕೂಗುತ್ತವೆ. "ಪಾಪ, ಅವೇನು ಮಾಡಿವೆ ನಿಮಗೆ?" ಎಂದು ನನ್ನ ಹೆಂಡತಿ ಕೇಳುತ್ತಾಳೆ. ಅವು ಏನೂ ಮಾಡಿಲ್ಲ. ಮಾಡಿದ್ದೆಲ್ಲ ನಮ್ಮ ಭಾವ.

ಭಾವ ಎಂದರೆ ನನ್ನ ಅಕ್ಕನ ಗಂಡ, ಪಾವಗಡದವರು. ಪಾವಗಡಕ್ಕೂ ಮಧುಗಿರಿಗೂ ಓಡಾಡುವ ಖಾಸಗಿ ಬಸ್ಸಿನ ಡ್ರೈವರ್ ಆಗಿದ್ದರು. ನನ್ನದು ಮಧುಗಿರಿ ಬಸ್ ಸ್ಟ್ಯಾಂಡಿನ ಹಿಂದೆ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಫ್ಲೆಕ್ಸು, ಅಂಗಡಿ ಬೋರ್ಡು, ಇಂಥವು. ಬಸ್ಸು ನಿಲ್ಲಿಸಿದ ಕೂಡಲೇ ಭಾವ ಬಂದು ನನ್ನ ಕುರ್ಚಿಯಲ್ಲೇ ಕೂತು, ನನ್ನ ಬಾಟಲಿಯ ನೀರನ್ನೇ ಕುಡಿದು ಮುಗಿಸಿ, ನನ್ನನ್ನೇ ರೇಗಿಸಿ ಹೋಗುತ್ತಿದ್ದರು. ನನಗೋ ಕೋಪ ಮೂಗಿನ ತುದಿಯಲ್ಲೇ. ಅದು ಗೊತ್ತಿದ್ದೇ ಅವರು ರೇಗಿಸುತ್ತಿದ್ದುದು. ಭಾವ ಬಾಮೈದ ಎಂದಮೇಲೆ ಇಷ್ಟೂ ಇರದಿದ್ದರೆ ಹೇಗೆ?

ಅಂಗಡಿಯಲ್ಲಿ ಕೆಲಸವಿಲ್ಲದ ಹೊತ್ತಿನಲ್ಲಿ ವೀಡಿಯೊ ನೋಡಿ ನೋಡಿ ನಾನು ಪ್ರೋಗ್ರಾಮ್ ಬರೆಯುವುದನ್ನು ಕಲಿತಿದ್ದೆ. ಕಲಿತ ಮೇಲೆ ಸುಮ್ಮನಿರಲಾಗದೆ ಫೋನಿನಲ್ಲಿ ಆಡುವ ಒಂದು ಯುದ್ಧದ ಆಟ ಮಾಡಿದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂದು ನಾಲ್ಕು ಪಕ್ಷ. ನಕ್ಷೆಯಲ್ಲಿ ಕಳ್ಳಂಬೆಳ್ಳದ ಕೆರೆ ಇತ್ತು, ಬರಗೂರು ಇತ್ತು, ಪುರವರ ಇತ್ತು. ಬಂಡೆಗಳನ್ನು ಮಾತ್ರ ನನಗೆ ಬೇಕಾದ ಕಡೆಯೆಲ್ಲ ತುಂಬಿದ್ದೆ. ಹಗಲು ಯಾವಾಗ ಬಿಡುವಾಗುತ್ತದೋ ಆಗ ನಮ್ಮ ಸೈನ್ಯಕ್ಕೆ ಆಜ್ಞೆ ಕೊಟ್ಟು ಇಡುವುದು. ಮರುದಿನ ಬೆಳಿಗ್ಗೆ ಆರಕ್ಕೆ ಅಂಗಡಿಯ ಹಳೆಯ ಕಂಪ್ಯೂಟರು ಎಲ್ಲರ ಆಜ್ಞೆಗಳನ್ನೂ ಒಟ್ಟಿಗೆ ನಡೆಸಿ, ಯಾರು ಗೆದ್ದರು ಯಾರು ಸೋತರು ಎಂದು ಎಲ್ಲರ ಫೋನಿಗೂ ಕಳಿಸುತ್ತಿತ್ತು. ಡ್ರೈವರೂ ಆಡಬಹುದಾದ ಆಟ ಎಂದು ಭಾವನಿಗೆ ಅದು ಹಿಡಿಸಿತು. ಪಾವಗಡ ಅವರದು, ಮಧುಗಿರಿ ನನ್ನದು. ಶಿರಾದ ಪಕ್ಷವನ್ನು ಅಲ್ಲಿ ಟೈರ್ ಪಂಕ್ಚರ್ ಅಂಗಡಿ ಇಟ್ಟಿದ್ದ ಒಬ್ಬ ಸಾಬರು ನಡೆಸುತ್ತಿದ್ದರು, ಭಾವನ ಹಳೆಯ ಗೆಳೆಯರು. ಉಳಿದವರೆಲ್ಲ ಅವರವರ ಪರಿಚಯದವರು.

ಆಟದ ಜೀವವೆಲ್ಲ ಹೊಂಚುಪಡೆಯಲ್ಲಿತ್ತು. ಬಂಡೆಯ ಹಿಂದೆ ಸೈನ್ಯ ಕೂರಿಸಿದರೆ ಯಾರಿಗೂ ಕಾಣುವುದಿಲ್ಲ. ದಾರಿಯಲ್ಲಿ ವೈರಿ ಬಂದರೆ ಅದು ತಾನಾಗಿಯೇ ಮೇಲೆ ಬೀಳುತ್ತದೆ. ಹಾಗೆ ಬಿದ್ದಾಗ ಎರಡು ಪಟ್ಟು ಬಲ ಇರಲಿ ಎಂದು ನಾನೇ ಬರೆದಿದ್ದೆ. ಅಲ್ಲಿಗೆ ಆಟ ಕೆಟ್ಟಿತು. ನಾಲ್ಕೂ ಊರಿನ ಸೈನ್ಯಗಳು ಬಂಡೆ ಹಿಂದೆ ಹೋಗಿ ಕೂತವು. ಎದುರಿನವನು ಬರಲಿ ಎಂದು ಇವನು, ಇವನು ಬರಲಿ ಎಂದು ಅವನು. ಬೆಳಿಗ್ಗೆ ಎದ್ದು ನೋಡಿದರೆ ದಿನವೂ ಒಂದೇ ಸುದ್ದಿ: ಏನೂ ನಡೆದಿಲ್ಲ.

"ಏಮಯ್ಯಾ ಬಾಮೈದ, ಇದೇನು ಯುದ್ಧನೋ, ಇಲ್ಲಾ ಬಸ್ಸಿಗೆ ಕಾಯೋದೋ?" ಎಂದರು ಭಾವ.

ಉರಿದುಹೋಯಿತು ನನಗೆ. ಹೊಂಚಿನ ಬಲವನ್ನೆಲ್ಲ ಕಿತ್ತುಹಾಕಿದೆ. ಆಮೇಲೆ ಒಬ್ಬನೂ ಹೊಂಚು ಹಾಕಲಿಲ್ಲ. ದೊಡ್ಡ ಸೈನ್ಯ ಇದ್ದವನು ಸಣ್ಣವನನ್ನು ತುಳಿದುಕೊಂಡು ಹೋದ, ಅಷ್ಟೆ. ಸ್ವಲ್ಪ ಕೊಟ್ಟರೆ ಹೆಚ್ಚು, ಸ್ವಲ್ಪ ತೆಗೆದರೆ ಕಡಿಮೆ. ಸಾರಿಗೆ ಉಪ್ಪು ಹಾಕುವವಳಾದರೂ ರುಚಿ ನೋಡಿ ಹಾಕುತ್ತಾಳೆ, ಇಲ್ಲಿ ರುಚಿ ನೋಡಲು ಒಂದು ವಾರ ಕಾಯಬೇಕು. ನನ್ನ ತಲೆ ಕೆಟ್ಟು ಕೆರ ಹಿಡಿದು ಹೋಯಿತು.

ದಾರಿ ತೋರಿಸಿದ್ದು ಭಾವನೇ. ಒಂದು ದಿನ ಅಂಗಡಿಯಲ್ಲಿ ಚಿತ್ರಾನ್ನ ತಿನ್ನುತ್ತಾ ಹೇಳಿದರು. "ನೋಡಯ್ಯಾ, ಬೆಳಿಗ್ಗೆ ಮೊದಲ್ನೇ ಟ್ರಿಪ್ಪಲ್ಲಿ ಬಂಡೆ ತಿರುವು ಬರುತ್ತಲ್ಲ, ಅಲ್ಲಿ ನವಿಲು ಕೂಗಿದ್ರೆ ನಾನು ಗೇರ್ ಇಳಿಸ್ಬುಡ್ತೀನಿ. ಆ ಕಡೆ ಏನೋ ಐತೆ ಅಂತ. ಕುರಿಮಂದೆನೋ, ಕರಡಿನೋ, ಇನ್ನೊಂದು ಬಸ್ಸೋ. ಏನು ಅಂತ ನವಿಲು ಹೇಳಾಕಿಲ್ಲ. ಏನೋ ಐತೆ ಅಂತ ಅಷ್ಟೇ ಹೇಳುತ್ತೆ. ಒಂದೊಂದು ಸಲ ಏನೂ ಇಲ್ದೇನೂ ಕೂಗುತ್ತೆ. ಆದ್ರೂ ನಾನು ಗೇರ್ ಇಳಿಸೇ ಇಳಿಸ್ತೀನಿ. ಅಷ್ಟು ಸಾಕಲ್ವಾ ನಿನ್ನ ಆಟಕ್ಕೆ?"

ಸಾಕಾಗಿತ್ತು! ಹೊಂಚಿಗೆ ಪೂರ್ತಿ ಬಲ ವಾಪಸ್ಸು ಕೊಟ್ಟೆ. ಆದರೆ ಅದರ ಹತ್ತಿರ ಯಾರೇ ಸುಳಿದರೂ, ಅವರ ಫೋನಿನಲ್ಲಿ ಒಂದು ನವಿಲು ಕೂಗಬೇಕು. ಬರಿ ಬಂಡೆಗೂ ಯಾವಾಗಲಾದರೊಮ್ಮೆ ಸುಮ್ಮನೆ ಕೂಗಬೇಕು. ನಮ್ಮ ಹಿತ್ತಲಿನ ನವಿಲಿನ ಕೂಗನ್ನೇ ರೆಕಾರ್ಡ್ ಮಾಡಿ ಹಾಕಿದೆ. ಮರುವಾರದಿಂದ ಆಟಕ್ಕೆ ಎಂಥ ಕಳೆ ಬಂತು ಅಂದರೆ, ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಬೆಳಿಗ್ಗೆ ಆರಕ್ಕೆ ನವಿಲು ಕೂಗಿದರೆ ಜನ ಟೀ ಲೋಟ ಕೆಳಗಿಟ್ಟು ಫೋನು ತಡಕುತ್ತಿದ್ದರು.

ಭಾವ ಅಷ್ಟಕ್ಕೆ ಬಿಡಲಿಲ್ಲ. ಯಂತ್ರ ನನ್ನ ಅಂಗಡಿಯಲ್ಲೇ ಇದೆ, ನಾನೂ ಆಡುತ್ತೇನೆ. ಹೊಂಚು ಎಲ್ಲಿದೆ ಎಂದು ನಾನೇ ಇಣುಕಿ ನೋಡಿದರೆ? ಅದಕ್ಕೆ ಪ್ರತಿಯೊಬ್ಬರ ಹೊಂಚಿಗೂ ಅವರದೇ ಗುಟ್ಟಿನ ಅಂಕಿಯ ಬೀಗ ಹಾಕಿಸಿದರು. ಯಂತ್ರಕ್ಕೆ ಗೊತ್ತು, ನನಗೂ ಕಾಣದು. ಆಮೇಲೆ ಇನ್ನೊಂದು ಬೇಡಿಕೆ ಬಂತು. "ಸಣ್ಣ ಸೇತುವೆ ಹತ್ರ ಎದುರಿಗೆ ಬರೋನು ನಮ್ಮೋನಾದ್ರೆ ಲೈಟು ಹೊಡ್ದು, ನೀನು ಮುಂದೆ ಹೋಗಪ್ಪಾ ಅಂತೀವಿ. ಅಂಗೆ ಹೊಂಚಿನವರಿಗೂ ಹೇಳೋ ಹಂಗಿರ್ಬೇಕು, ಇಂಥೋರು ಬಂದ್ರೆ ಬುಡಿ ಅಂತ." ಬಿಡು ಎನ್ನುವ ಆಜ್ಞೆಯನ್ನೂ ಬರೆದೆ. ಶಿರಾದವರು ಅದಕ್ಕೆ ತಕರಾರು ತೆಗೆದರು. "ಒಳಗೊಳಗೇ ಸೆಟ್ಟಿಂಗ್ ಮಾಡ್ಕೊಂಡ್ರೆ ಹೆಂಗೆ ಭಾಯ್?" ಅವರ ಮಾತೂ ಸರಿ ಎನಿಸಿ, ಹೊಂಚುಪಡೆ ಹೊಂಚು ಮುಗಿಸಿ ಬಂಡೆಯನ್ನೇ ಬಿಟ್ಟು ಹೊರಗೆ ಬಂದ ದಿನ ಅದಕ್ಕಿದ್ದ ಆಜ್ಞೆ ಎಲ್ಲರಿಗೂ ಕಾಣಬೇಕು ಎಂದು ಸೇರಿಸಿದೆ.

ಈಗ ಪುರವರದ ಇಕ್ಕಟ್ಟಿನ ಮಾತು. ನಕ್ಷೆಯಲ್ಲಿ ಪುರವರದ ಹೊಲಗಳಿಂದ ಮಧುಗಿರಿ ಕೋಟೆಗೆ ಬರಲು ಎರಡು ಬಂಡೆಗುಡ್ಡಗಳ ನಡುವೆ ಒಂದೇ ದಾರಿ. ನನ್ನ ದವಸದ ಗಾಡಿಗಳೆಲ್ಲ ಅಲ್ಲೇ ಬರಬೇಕು. ಅಲ್ಲಿ ನವಿಲು ಕೂಗುತ್ತಲೇ ಇತ್ತು. ನನ್ನ ಕೋಟೆಯ ಮೇಲೆ ಬಂದ ಶಿರಾ ಸೈನ್ಯ ಆ ಇಕ್ಕಟ್ಟಿನಲ್ಲಿ ಮಣ್ಣು ಮುಕ್ಕಿತು. ಕೊರಟಗೆರೆಯ ಸೈನ್ಯಕ್ಕೂ ಅದೇ ಗತಿಯಾಯಿತು. ಅಲ್ಲಿ ಕೂತಿದ್ದು ಪಾವಗಡದ ಪಡೆ ಎಂದು ಎಲ್ಲರಿಗೂ ಗೊತ್ತಾಯಿತು, ಮೇಲೆ ಬಿದ್ದ ಪಡೆ ಮತ್ತೆ ಹೋಗಿ ಅಡಗುತ್ತಿದ್ದುದರಿಂದ ಯಾವ ಬಂಡೆಯ ಹಿಂದೆ ಎಂದು ಮಾತ್ರ ಯಾರಿಗೂ ತಿಳಿಯಲಿಲ್ಲ. ನನ್ನ ಗಾಡಿಗಳು ಮಾತ್ರ ಒಂದು ದಿನವೂ ಸಿಕ್ಕಿಬೀಳಲಿಲ್ಲ.

ಎಲ್ಲಾ ನನ್ನ ಜಾಣತನ ಎಂದುಕೊಂಡೆ. ಗಾಡಿಗಳನ್ನು ಒಂದೊಂದಾಗಿ ಬಿಡುತ್ತಿದ್ದೆ, ಎಡಗಡೆಯ ಗುಡ್ಡಕ್ಕೆ ಒತ್ತಿಕೊಂಡು ಹೋಗಿ ಎನ್ನುತ್ತಿದ್ದೆ, ಮುಂದೆ ಇಬ್ಬರು ಕುದುರೆ ಸವಾರರನ್ನು ಕಳಿಸುತ್ತಿದ್ದೆ. ಸಂಜೆ ಭಾವನಿಗೆ ಫೋನು ಮಾಡಿ ಕೊಚ್ಚಿಕೊಳ್ಳುವುದೇ ಕೊಚ್ಚಿಕೊಳ್ಳುವುದು.

"ಏನ್ ಭಾವ, ಇವತ್ತೂ ನನ್ನ ಗಾಡಿ ಹೋದ್ವಲ್ಲ. ನಿಮ್ಮೋರು ಬಂಡೆ ಹಿಂದೆ ಮಲಗವ್ರಾ?"

"ಅಬ್ಬಬ್ಬಾ, ಏಂ ತಲೆ ಅಯ್ಯಾ ನಿಂದು! ನಿನ್ನ ಹಿಡಿಯಾಕೆ ನನ್ನ ಕೈಲಿ ಆಗಾಕಿಲ್ಲ ಬುಡು," ಎನ್ನುತ್ತಿದ್ದರು. ನಾನು ಉಬ್ಬಿ ಹೋಗುತ್ತಿದ್ದೆ.

ಭಾವ ಹೋದದ್ದು ಒಂದು ಭಾನುವಾರ. ರಜೆ ಇತ್ತು, ಮನೆಯಲ್ಲೇ ಉಂಡು ಮಲಗಿದವರು ಎದೆ ಹಿಡಿದಂತಾಗುತ್ತಿದೆ ಎಂದು ಎದ್ದು ಕೂತರಂತೆ. ಅಕ್ಕ ನೀರು ತಂದುಕೊಡುವಷ್ಟರಲ್ಲಿ ಎಲ್ಲ ಮುಗಿದಿತ್ತು. ನನಗೆ ಫೋನು ಬಂದಾಗ ನಾನು ಯಾರದೋ ಗೃಹಪ್ರವೇಶದ ಕಾರ್ಡಿಗೆ ಅಂಚು ಕೂಡಿಸುತ್ತಿದ್ದೆ. ಭಾವನ ಭಾವಪೂರ್ಣ ಶ್ರದ್ಧಾಂಜಲಿಯ ಫ್ಲೆಕ್ಸನ್ನು ನಾನೇ ಮಾಡಬೇಕಾಯಿತು. ಬೇರೆ ಯಾರಿಗಾದರೂ ಕೊಡೋಣ ಎಂದರೆ ಮನಸ್ಸು ಒಪ್ಪಲಿಲ್ಲ. ಎಷ್ಟು ಮನೆಯ ಸಾವಿಗೆ ಆ ಕೆಲಸ ಮಾಡಿಕೊಟ್ಟಿದ್ದೇನೆ, ಎಡಗೈಯಲ್ಲಿ ಮಾಡುವ ಕೆಲಸ. ಅವತ್ತು ಸಿಕ್ಕ ಫೋಟೋದಲ್ಲಿ ಅವರ ಮುಖದ ಸುತ್ತಲಿನ ಬಸ್ಸಿನ ಕಿಟಕಿಯನ್ನು ಅಳಿಸಲು ಹೋಗಿ ಅಳಿಸಲಾರದೆ, ಕಿಟಕಿಯ ಸಮೇತ ಹಾಗೇ ಬಿಟ್ಟೆ. ಬಸ್ ಸ್ಟ್ಯಾಂಡಿನಲ್ಲಿ ಅದನ್ನು ಕಟ್ಟಿದಾಗ ಭಾವ ಡ್ರೈವರ್ ಸೀಟಿನಿಂದ ಇಣುಕಿ ನೋಡುತ್ತಿರುವಂತೆಯೇ ಇತ್ತು.

ಆಟ ನಿಲ್ಲಿಸಬೇಕು ಎಂದುಕೊಂಡಿದ್ದೆ, ನಿಲ್ಲಿಸಲಿಲ್ಲ. ಕೆಲವು ದಿನ ಬಿಟ್ಟು ನನ್ನ ದವಸದ ಗಾಡಿ ಇಕ್ಕಟ್ಟಿಗೆ ಬಂದಾಗ ನವಿಲು ಕೂಗಿತು. ಕೈಯಲ್ಲಿದ್ದ ಫೋನು ಬಿಸಿ ತಗುಲಿದಂತಾಗಿ ಮೇಜಿನ ಮೇಲಿಟ್ಟೆ. ಹೊಂಚಿಗೆ ಕೂತ ಪಡೆಯನ್ನು ಎಬ್ಬಿಸುವವರೆಗೆ ಅದು ಏಳುವುದಿಲ್ಲ, ಹಾಗೆ ಬರೆದವನು ನಾನೇ. ಎಬ್ಬಿಸುವವರು ಹೋಗಿದ್ದರು. ಬೀಗದ ಅಂಕಿಯೂ ಅವರ ಜೊತೆ ಹೋಗಿತ್ತು. ಪಡೆ ಅಲ್ಲೇ ಕೂತಿತ್ತು.

ಅಕ್ಕನಿಗೆ ಇದನ್ನು ಹೇಳಬಾರದಿತ್ತೋ ಏನೋ, ಹೇಳಿಬಿಟ್ಟೆ. ಅವಳು ಆಟದ ಗಂಧಗಾಳಿ ತಿಳಿಯದವಳು. "ಅಂಗಾರೆ ಅವರದು ಇನ್ನೂ ಅಲ್ಲೈತಾ?" ಎಂದಳು. ಹೂಂ ಎಂದೆ. "ನಂಗೂ ಆ ಆಟ ಹಾಕ್ಕೊಡು ಕಣ್ಲಾ, ಅವರ ಕಡೇದೇ ಕೊಡು," ಎಂದಳು. ಪಾವಗಡದ ಪಕ್ಷದಲ್ಲೇ ಅವಳನ್ನು ಸೇರಿಸಿ, ಒಬ್ಬ ಕುದುರೆ ಸವಾರನನ್ನು ಹೇಗೆ ಕಳಿಸುವುದು ಎಂದಷ್ಟೇ ಕಲಿಸಿದೆ. ನವಿಲು ಒಂದೊಂದು ಸಲ ಯಾರೂ ಇಲ್ಲದಿದ್ದರೂ ಕೂಗುತ್ತದೆ ಎಂದೂ ಹೇಳಿದ್ದೆ. ಬೇರೇನನ್ನೂ ಅವಳು ಕಲಿಯಲಿಲ್ಲ. ದಿನವೂ ಒಬ್ಬ ಸವಾರನನ್ನು ಪುರವರದ ಇಕ್ಕಟ್ಟಿನ ಬಾಯಿಗೆ ಕಳಿಸುವುದು, ಬೆಳಿಗ್ಗೆ ಆರಕ್ಕೆ ನವಿಲು ಕೂಗುವುದನ್ನು ಕೇಳುವುದು. ಆಮೇಲೆ ನನಗೊಂದು ಫೋನು.

"ಕೂಗ್ತು ಕಣೋ."

ಅಷ್ಟೇ. ಇಟ್ಟುಬಿಡುತ್ತಿದ್ದಳು. ಆ ಮೇಲೆ ಒಲೆ ಹಚ್ಚುತ್ತಿದ್ದಳಂತೆ.

ಹೀಗೇ ಕೆಲವು ತಿಂಗಳು ಕಳೆದ ಮೇಲೆ ಶಿರಾದವರು ಒಂದು ಮಧ್ಯಾಹ್ನ ಅಂಗಡಿಗೇ ಬಂದರು. ಮೆಸೇಜಿನಲ್ಲಿ ಹೇಳುವ ಮಾತಲ್ಲ ಎಂದು ಬಂದಿದ್ದರು. ಟೀ ತರಿಸಿದೆ. ಲೋಟ ಕೈಯಲ್ಲಿ ಹಿಡಿದೇ ಮಾತು ತೆಗೆದರು.

"ನಿಮ್ ಭಾವ ನಂಗೂ ಅಣ್ಣನ ಹಂಗೇ ಇದ್ರು. ಅದು ನಿಮಗೆ ಗೊತ್ತೈತೆ. ಆದ್ರೆ ಇನ್ಸಾಫ್, ನ್ಯಾಯ ಅಂತ ಒಂದೈತಲ್ಲ ಭಾಯ್. ಆ ಇಕ್ಕಟ್ಟಿಗೆ ಹೋದ ಸೈನ್ಯ ವಾಪಸ್ ಬರ್ತಿಲ್ಲ. ಕೊರಟಗೆರೆಯೋರು ಬೇಜಾರಾಗಿ ಆಟಾನೇ ಬಿಟ್ರು. ಜೀವ ಇರೋರ ಜೊತೆ ಲಡಾಯಿ ಮಾಡಬೋದು. ಅವರಿಗೆ ಒಂದಿನ ಬೇಜಾರಾಗುತ್ತೆ, ಪಡೇನ ಎಬ್ಬಿಸ್ಕೊಂಡು ಬೇರೆ ಕಡೆ ಹೋಗ್ತಾರೆ. ಹೋದೋರಿಗೆ ಬೇಜಾರೇ ಆಗಲ್ಲವಲ್ಲ."

ನಾನು ಬಾಯಿಗೆ ಬಂದಂತೆ ಬೈದೆ. ನಿಮಗೆ ಆಟ ದೊಡ್ಡದೋ, ಮನುಷ್ಯ ದೊಡ್ಡವನೋ? ಅವರ ಕೈಯಲ್ಲಿ ಟೀ ಕುಡಿದದ್ದು ಮರೆತುಹೋಯಿತಾ? ಇನ್ನೂ ಏನೇನೋ. ಅವರು ಟೀ ಮುಗಿಸಿ, "ನೋಡಿ ಭಾಯ್, ಯೋಚ್ನೆ ಮಾಡಿ," ಎಂದು ಶಿರಾ ಬಸ್ಸು ಹತ್ತಿದರು.

ಅವರು ಹೇಳಿದ್ದು ಸರಿಯೇ ಇತ್ತು, ಅದಕ್ಕೇ ಅಷ್ಟು ಸಿಟ್ಟು ಬಂದಿತ್ತು. ಹೊಂಚು ಹಾಕಿದವನಿಗೂ ಏನಾದರೂ ಕಷ್ಟ ಇರಬೇಕು. ಆ ಸೈನ್ಯ ಇನ್ನೆಲ್ಲೋ ಬೇಕಾಗುತ್ತದೆ, ಕೋಟೆ ಖಾಲಿ ಬೀಳುತ್ತದೆ, ಇನ್ನೆಷ್ಟು ದಿನ ಕೂರಿಸಲಿ ಎಂದು ಅವನ ಹೊಟ್ಟೆ ಚುರುಕ್ಕೆನ್ನಬೇಕು. ಆ ಚುರುಕು ಒಂದು ಕಡೆ, ನವಿಲಿನ ಕೂಗು ಇನ್ನೊಂದು ಕಡೆ, ಹೀಗೆ ಎರಡರ ಮೇಲೆ ಆಟದ ತಕ್ಕಡಿ ನಿಂತಿತ್ತು. ಭಾವ ಹೋದ ಮೇಲೆ ಒಂದು ತಟ್ಟೆಯಲ್ಲಿ ಏನೂ ಉಳಿದಿರಲಿಲ್ಲ. ಏನು ಮಾಡಬೇಕು ಎಂದೂ ನನಗೆ ಗೊತ್ತಿತ್ತು. ಹೊಂಚುಪಡೆಗೂ ದಿನಾ ದವಸ ಬೇಕು. ಹೆಗಲ ಮೇಲೆ ಹೊತ್ತು ತಂದದ್ದು ಮುಗಿದರೆ ಬಂಡೆ ಬಿಟ್ಟು ಹೊರಗೆ ಬರಬೇಕು. ಹೊರಗೆ ಬಂದ ಮೇಲೂ ಆಜ್ಞೆ ಕೊಡುವವರು ಇಲ್ಲದಿದ್ದರೆ ಮರುದಿನ ಚದುರಿ ಹೋಗಬೇಕು. ಬರೆಯಲು ಅರ್ಧ ಗಂಟೆಯ ಕೆಲಸ. ಬರೆದರೆ ಅಕ್ಕನ ನವಿಲು ಕೂಗುವುದಿಲ್ಲ.

ಅವಳನ್ನು ಕೇಳದೆ ಮಾಡುವುದಿಲ್ಲ ಎಂದು ಪಾವಗಡಕ್ಕೆ ಹೊರಟೆ, ಭಾವ ಓಡಿಸುತ್ತಿದ್ದ ಬಸ್ಸಿನಲ್ಲೇ. ಹೊಸ ಡ್ರೈವರು ಬಂಡೆ ತಿರುವಿನಲ್ಲಿ ಗೇರ್ ಇಳಿಸದೆ ಹಾರ್ನ್ ಹೊಡೆದುಕೊಂಡೇ ಹೋದ. ಇಳಿದು ಅವನ ಕಪಾಳಕ್ಕೆ ಬಾರಿಸಬೇಕು ಎನಿಸಿತು.

ಅಕ್ಕ ಮುದ್ದೆ ಕಟ್ಟುತ್ತಿದ್ದಳು. ಹುರುಳಿಕಾಳಿನ ಸಾರಿನ ವಾಸನೆ ಮನೆಯಲ್ಲೆಲ್ಲ ತುಂಬಿತ್ತು. ನಾನು ವಿಷಯ ಎತ್ತುತ್ತಿದ್ದಂತೆ ಅವಳ ಮುಖ ಬಿಗಿದುಕೊಂಡಿತು.

"ಯಾರ ಮನೆ ಗಂಟು ತಿಂತೈತ್ಲಾ ಅದು? ಮೂಲೇಲಿ ಕುಂತೈತೆ, ಕುಂತ್ಕಳ್ಲಿ ಬುಡು. ಬಟ್ಟೆ ಎಲ್ಲಾ ಯಾರ್ಯಾರಿಗೋ ಕೊಟ್ಟಾಯ್ತು. ಸೀಟಿಗೆ ಇನ್ನೊಬ್ರು ಬಂದಾಯ್ತು. ಅವರು ಕುಂತಿರೋ ಜಾಗ ಅಂತ ಉಳಿದಿರೋದು ಅದೊಂದೇ ಕಣೋ!"

ಹೋಗಲಿ ಬಿಡು, ಮಾಡುವುದಿಲ್ಲ ಎಂದೆ. ಅವಳು ನನ್ನ ತಟ್ಟೆಗೆ ಮುದ್ದೆ ಇಟ್ಟಳು, ಸಾರು ಬಿಟ್ಟಳು. ನಾನು ಅರ್ಧ ಉಂಡ ಮೇಲೆ, ಹೇಗಿದ್ದರೂ ಮಾಡುವುದಿಲ್ಲವಲ್ಲ ಎಂದು, ಅವಳು ಕೇಳಿದ್ದಕ್ಕೆ ಆ ಹೊಸ ನಿಯಮ ಏನೆಂದು ಬಿಡಿಸಿ ಹೇಳಿದೆ. ಬಂಡೆ ಹಿಂದೆ ಕೂತವರಿಗೂ ದಿನಾ ದವಸ ಬೇಕು ಎನ್ನುವ ಲೆಕ್ಕ, ಅದು ಮುಗಿದರೆ ಹೊರಗೆ ಬರುತ್ತಾರೆ ಎಂದು.

ಅಕ್ಕ ಸೌಟು ಹಿಡಿದುಕೊಂಡೇ ನಿಂತಳು.

"ಅಲ್ಲಾ ಕಣೋ, ಅಂಗಾರೆ ಇಷ್ಟು ತಿಂಗಳಿಂದ ಅವರಿಗೆ ಊಟ ಇಲ್ವಾ?"

"ಅಕ್ಕಾ, ಅದು ಆಟ. ಇನ್ನೂ ಆ ನಿಯಮಾನೇ ಇಲ್ಲ."

"ಆಟಾನೇ ಇರ್ಲಿ ಬುಡು." ಸೆರಗಿನಿಂದ ಕಣ್ಣು ಒತ್ತಿಕೊಂಡಳು. ಆಮೇಲೆ ನಗಲೂ ಹೊರಟಳು. "ಟ್ರಿಪ್ಪು ಲೇಟಾಯ್ತು ಅಂತ ಹೊಟ್ಟೆಗಿಲ್ದಂಗೇ ಗಾಡಿ ಓಡ್ಸೋರು. ಬೈದು ಬೈದು ಸಾಕಾಗೋಗಿತ್ತು ನಂಗೆ. ಈಗ ನಾನೇ ಅಲ್ಲಿ ಉಪಾಸ ಕುಂಡ್ರುಸ್ಕಂಡು, ದಿನಾ ಹೋಗಿ ಅಲ್ಲೇ ಅವ್ರೆ ಅಂತ ನೋಡ್ಕಂಡು ಬತ್ತಾ ಇದೀನಾ? ಬ್ಯಾಡ ಕಣ್ಲಾ. ಹೊರಗೆ ಕರಿ. ನಾಳೇನೇ ಕರಿ."

ಅವತ್ತು ಸಂಜೆ ಮಧುಗಿರಿಗೆ ಬಂದು, ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ನಿಯಮ ಬರೆದೆ. ಹೊಂಚಿಗೆ ಕೂತ ದಿನದಿಂದಲೇ ದವಸದ ಲೆಕ್ಕ ಹಿಡಿದೆ. ಏನೇನೋ ತಪ್ಪು ಬಿದ್ದು, ತಿದ್ದಿ ತಿದ್ದಿ ಕೊನೆಗೆ ಕೂಡಿಸಿದೆ.

ಬೆಳಿಗ್ಗೆ ಆರಕ್ಕೆ ಪುರವರದ ಇಕ್ಕಟ್ಟಿನಲ್ಲಿ ಪಾವಗಡದ ಪಡೆ ಬಂಡೆಯಿಂದ ಹೊರಗೆ ಬಂತು. ನಾನು ಹಿತ್ತಲ ಮೆಟ್ಟಿಲ ಮೇಲೆ ಕೂತು ನೋಡಿದೆ. ಅದು ಕೂತಿದ್ದದ್ದು ಎಡಗಡೆಯ ಗುಡ್ಡದಲ್ಲಿ. ಜಾಣತನ ಎಂದುಕೊಂಡು ನನ್ನ ಗಾಡಿಗಳನ್ನು ನಾನು ಯಾವ ಗುಡ್ಡಕ್ಕೆ ಒತ್ತಿಸಿ ಕಳಿಸುತ್ತಿದ್ದೆನೋ, ಅದೇ ಗುಡ್ಡ. ಗಾಡಿಯ ಚಕ್ರ ಅವರ ಕಾಲ ಮೇಲೆ ಹೋಗಬೇಕು, ಅಷ್ಟು ಹತ್ತಿರ. ಅದರ ಪಕ್ಕದಲ್ಲಿ, ಎಲ್ಲರಿಗೂ ಕಾಣುವಂತೆ, ಭಾವ ಅದಕ್ಕೆ ಕೊಟ್ಟಿದ್ದ ಆಜ್ಞೆ ಇತ್ತು. ಅಲ್ಲಿಗೆ ಬಂದ ಮೊದಲ ದಿನವೇ ಕೊಟ್ಟು, ಮತ್ತೆ ಎಂದೂ ಬದಲಿಸದ ಆಜ್ಞೆ.

ಶಿರಾ ಬಂದರೆ: ಬೀಳು.

ಕೊರಟಗೆರೆ ಬಂದರೆ: ಬೀಳು.

ಮಧುಗಿರಿ ಬಂದರೆ: ಬಿಡು.

ಅಳು ಬಂತು. ಮುಚ್ಚುಮರೆ ಏನು ಬಂತು, ಹಿತ್ತಲಲ್ಲಿ ಕೂತು ಬಾಯಿಬಿಟ್ಟು ಅತ್ತೆ. ಹೆಂಡತಿ ಗಾಬರಿಯಾಗಿ ಓಡಿಬಂದಳು. ನನ್ನ ಕೋಟೆಯನ್ನು ಅಷ್ಟು ದಿನ ಕಾಯ್ದದ್ದು ವೈರಿಯ ಪಡೆ. ಅದನ್ನೇ ನಾನು ದಿನಾ ಸಂಜೆ ಫೋನು ಮಾಡಿ ಮೂದಲಿಸುತ್ತಿದ್ದೆ. ಶಿರಾದವರ ಸೈನ್ಯ ಇಕ್ಕಟ್ಟಿನ ಆಚೆ ಬಾಯಿಯಲ್ಲೇ ಇತ್ತು, ಬಯಲಿಗೆ ಬಿದ್ದ ಪಡೆಯನ್ನು ಆ ದಿನವೇ ಮುಗಿಸಬಹುದಿತ್ತು. ಅವರು ತಮ್ಮವರನ್ನು ಹಿಂದಕ್ಕೆ ಸರಿಸಿ ನಿಲ್ಲಿಸಿದರು. "ನೋಡಿದ್ರಾ ಭಾಯ್?" ಎಂದು ಒಂದೇ ಒಂದು ಮೆಸೇಜು ಬಂತು.

ಅಕ್ಕನಿಗೆ ಫೋನು ಮಾಡಿ ಹೇಳಿದೆ.

"ಅದುಕ್ಕೇನಾ," ಎಂದಳು. "ನೀನು ಫೋನು ಇಟ್ಟ ಮೇಲೆ ಒಬ್ರೇ ನಗೋರು ಕಣ್ಲಾ. ಯಾಕ್ರೀ ಅಂದ್ರೆ, 'ನಿನ್ನ ತಮ್ಮ ಇವತ್ತೂ ಗೆದ್ದವ್ನೆ ಬುಡು' ಅನ್ನೋರು. ಬೇರೆ ಏನೂ ಹೇಳ್ತಿರ್ಲಿಲ್ಲ."

ಮರುದಿನ ಆ ಪಡೆ ಚದುರಿತು. ಇಕ್ಕಟ್ಟು ಬರಿದಾಯಿತು. ಕೊರಟಗೆರೆಯವರು ವಾಪಸ್ಸು ಬಂದರು, ಆಟ ಮತ್ತೆ ಸರಿಹೋಯಿತು, ಯಾರದೂ ತಕರಾರಿರಲಿಲ್ಲ. ಪಡೆ ಚದುರಿದ ಮರುದಿನ ಬೆಳಿಗ್ಗೆ ಆರು ಕಳೆದು ಸ್ವಲ್ಪ ಹೊತ್ತಿಗೆ ಅಕ್ಕನ ಫೋನು ಬಂತು.

"ಇವತ್ತೂ ಕುದುರೆ ಕಳಿಸಿದ್ದೆ ಕಣೋ. ಕೂಗ್ಲಿಲ್ಲ."

"ಅಲ್ಲಿ ಈಗ ಯಾರೂ ಇಲ್ಲ ಅಕ್ಕಾ. ನಾಳೆಯಿಂದ ಕಳಿಸ್ಬೇಡ."

"ಗೊತ್ತು ಬುಡೋ," ಎಂದಳು. ಒಲೆಯ ಮೇಲೆ ಏನೋ ಕುದಿಯುವ ಸದ್ದು ಕೇಳುತ್ತಿತ್ತು. "ಕಳಿಸ್ತೀನಿ. ಒಂದೊಂದು ಸಲ ಯಾರೂ ಇಲ್ದಿದ್ರೂ ಕೂಗುತ್ತೆ ಅಂತ ನೀನೇ ಅಲ್ವೇನ್ಲಾ ಹೇಳಿದ್ದು?"